ಓಟಿನ ಲೆಕ್ಕದ ಮರುದಿನ ನೀರಾದ ಹಾಲು

ಇವತ್ತು ಮಾಸ್ತಿಗೆ ಹೋಗುವ ಬಸ್ಸಿಗೆ ಕಾಯುವಾಗ ಡೇರಿ ಕ್ಯಾನುಗಳ ಹಸಿಹಾಲಿನ ವಾಸನೆ ಬಡಿದು ಅಮ್ಮ ನೆನಪಾದಳು.

ಹಿಂದೊಂದು ಚುನಾವಣೆಯಲ್ಲಿ ನಮ್ಮ ಕೇರಿಯವರು ಒಬ್ಬರೂ ತಪ್ಪದೆ ಓಟು ಹಾಕಿದ್ದರು, ಆದರೆ ಡೇರಿ ಸೆಕ್ರೆಟರಿ ಹೇಳಿದ ಪಕ್ಷಕ್ಕಲ್ಲ. ಬೂತಿನ ಲೆಕ್ಕ ಹೊರಬಿದ್ದ ಮರುದಿನವೇ ಅವನು ಕೇರಿಯ ಹಾಲನ್ನೆಲ್ಲ ‘ಬರೀ ನೀರು’ ಎಂದು ವಾಪಸ್ ಕಳಿಸಿದ. ನಮ್ಮನೆ ಒಲೆ ಉರಿಯುತ್ತಿದ್ದುದೇ ಆ ಹಾಲಿನಿಂದ.

ಸಂಜೆ ಅಮ್ಮ ಹಸುವನ್ನೇ ಡೇರಿ ಬಾಗಿಲಿಗೆ ಹೊಡೆದುಕೊಂಡು ಹೋಗಿ, ಎಲ್ಲರೆದುರು ಹಾಲು ಕರೆದು ಅವನ ಮುಂದಿಟ್ಟಳು.

“ನೋಡು ಸಾಮಿ, ಎಲ್ಲೈತೆ ನೀರು?”

“ಹಸೂಗೇ ಜಾಸ್ತಿ ನೀರು ಕುಡ್ಸಿದ್ದೀಯ ಕಣೇ.”

“ಹಂಗಾದ್ರೆ ಓಟಿಗೆ ಮುಂಚೆ ನಮ್ಮ ಹಸು ನೀರೇ ಕುಡೀತಿರ್ಲಿಲ್ವಾ?”

ಸಾಲಿನಲ್ಲಿದ್ದವರು ನಕ್ಕರು. ಹಾಲನ್ನು ಮಾತ್ರ ಅವನು ತೆಗೆದುಕೊಳ್ಳಲಿಲ್ಲ.

ಈಗ ಹಾಲು ಅಳೆಯಲು ಮಷೀನು ಬಂದಿದೆ. ಮಷೀನಿಗೆ ಪಕ್ಷವಿಲ್ಲ ಅಂತಾರೆ. ಇರಬಹುದು. ಅದರ ಮುಂದೆ ಕೂತವನು ಯಾರ ಕಡೆಯವನು, ಅದು ಹೇಳಿ.