ನಡುವ ಕೊಡ್ರಿ

ಇದನ್ನು ಹೇಳುವುದನ್ನು ಇಷ್ಟು ದಿನ ಮುಂದೂಡುತ್ತ ಬಂದೆ.

ಮಲ್ಕಾಜ್‌ಗಿರಿಯ ಮೈದಾನದಲ್ಲಿ ಬೆಳಿಗ್ಗೆ ಬಾಸ್ಕೆಟ್‌ಬಾಲ್ ಆಡುವ ಮುದುಕರಲ್ಲಿ ನಮ್ಮ ಓಣಿಯ ಪಂಪ್ ರಿಪೇರಿಯವರೂ ಒಬ್ಬರು. ಚೆಂಡು ಹಿಡಿಯುವ ಮುನ್ನ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುವರು. ಎದುರಾಳಿಗಳು ಜೋನ್ ಕಟ್ಟಿ, ತಮ್ಮ ತಮ್ಮ ಜಾಗ ಹಿಡಿದು ಗೋಡೆಯಂತೆ ನಿಂತರೆ ನಾನು ದೂರದಿಂದಲೇ ಎಸೆದು ಗುರಿ ತಪ್ಪುತ್ತಿದ್ದೆ.

"ಗ್ವಾಡಿಗೆ ತಲಿ ಯಾಕ ಚಚ್ಚಾಕತ್ತೀರಿ ಸಾಹೇಬ್ರ? ನಡುವ ಕೊಡ್ರಿ, ಅದ ಬಿರಕ ಬಿಡತೈತಿ!"

ಹೀಗೆ ಕೂಗುತ್ತ ಪಂಪ್ ರಿಪೇರಿಯವರು ಆ ಕಾವಲಿನ ನಟ್ಟನಡುವೆ ನುಗ್ಗಿ ಕೈಯೆತ್ತುವರು. ಚೆಂಡು ಅಲ್ಲಿಗೆ ಹೋದರೆ ಸಾಕು, ಎಲ್ಲರೂ ಅವರತ್ತ ಮುಗಿಬೀಳುವರು. ಅಷ್ಟರಲ್ಲಿ ಅವರು ದಾಟಿಸಿದ ಚೆಂಡು ಮೂಲೆಯಲ್ಲಿ ಒಂಟಿಯಾಗಿ ನಿಂತ ನನ್ನ ಕೈಯಲ್ಲಿ. ಅಲ್ಲಿಂದ ನನ್ನ ಗುರಿ ತಪ್ಪುತ್ತಲೇ ಇರಲಿಲ್ಲ.

ಹಿರಿಯರ ರಾಜ್ಯ ತಂಡಕ್ಕೆ ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸುವ ದಿನವೂ ಹೀಗೆಯೇ ಗೆದ್ದೆವು. ಆಯ್ಕೆಗಾರರು ತೆಲುಗಿನಲ್ಲಿ ಕೇಳಿದರು, ಈ ಉಪಾಯ ಯಾರದೆಂದು.

"ನಾದೇ ಸಾರ್," ಅಂದೆ.

ಪಕ್ಕದಲ್ಲೇ ಇದ್ದ ಅವರು, ಚೆಂಡಿಲ್ಲದಿದ್ದರೂ, ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ನನ್ನ ಹೆಸರು ಕೂಗಿದಾಗ ಆ ಕೈಯನ್ನೇ ಚಾಚಿದರು.

"ಮುಬಾರಕ್ ಸಾಹೇಬ್ರ."

ಕೈ ಕುಲುಕಿದೆ. ಆ ಉಪಾಯ ನನ್ನದಲ್ಲ. ಅದು ನಾನು ಇಂದಿಗೂ ಕ್ಷಮೆ ಕೇಳದ ಪಂಪ್ ರಿಪೇರಿಯವರದು.