ಅಂಬವ್ವನ ಹಂಡೆಯ ನೀರು

ಪಕ್ಕದ ಮನೆಯ ಕಾಸಿಂಬಿ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡೇ ಅಂಬವ್ವನ ಅಂಗಳಕ್ಕೆ ಬಂದಳು. ಅಲ್ಲೇ ಬಿದ್ದಿದ್ದ ಬಿಳಿ ಬಕೆಟ್ಟಿಗೆ ನೀರು ಸುರಿದು ಬಿಸಿಲಿಗೆ ಸರಿಸಿದಳು. ನೀರಿಗೆ ತೆಳುವಾದ ಗುಲಾಬಿ ಬಣ್ಣ.

“ಅಂಬಕ್ಕ, ಇದು ಬಾವಿ ನೀರು. ನಿನ್ನ ಬಣ್ಣ ಹೌದೋ ಅಲ್ಲೋ, ನೀನ ಹೇಳು.”

ಅಂಬವ್ವ ಬಗ್ಗಿ ನೋಡಿದಳು. ತನ್ನ ಕೈಯ ಬಣ್ಣ ಅವಳಿಗೆ ಗೊತ್ತಾಗದೆ ಇದ್ದೀತೆ?

“ನಂದ ಐತಿ,” ಎಂದಳು.

ಇಳಕಲ್ಲಿನ ಆ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವಳು ಅಂಬವ್ವ. ಗಂಡ ರಾಮಲಿಂಗಪ್ಪ ಮಗ್ಗಕ್ಕೆ ಕೂತರೆ ಇವಳು ಹಿತ್ತಲಲ್ಲಿ ಒಲೆ ಹೊತ್ತಿಸಿ, ಹಂಡೆಯಲ್ಲಿ ನೂಲಿನ ಲಡಿಗಳನ್ನು ಅದ್ದುತ್ತಾಳೆ. ಅವಳ ದಾಳಿಂಬೆ ಕೆಂಪಿಗೆ ಹುನಗುಂದದವರೆಗೂ ಹೆಸರು. ಕೆಲಸ ಮುಗಿದ ಮೇಲೆ ಹಂಡೆಯ ನೀರನ್ನು ಹಿತ್ತಲ ಗುಂಡಿಗೆ ಚೆಲ್ಲುವುದು ಅತ್ತೆಯ ಕಾಲದಿಂದ ಬಂದ ರೂಢಿ. ಆ ಬೇಸಿಗೆ ಓಣಿಯ ಬೋರು ಬತ್ತಿದ್ದರಿಂದ, ಮರೆತೇಹೋಗಿದ್ದ ಹಳೆಯ ಬಾವಿಯ ಹೂಳು ತೆಗೆದು ಜನ ನೀರು ಸೇದತೊಡಗಿದ್ದರು. ಬಾವಿ ಇದ್ದದ್ದು ಅಂಬವ್ವನ ಹಿತ್ತಲ ಗೋಡೆಯ ಆಚೆಗೆ.

ಅಂದೇ ಅವಳು ಒಲೆ ಆರಿಸಿದಳು. ರಾಮಲಿಂಗಪ್ಪ ಮಗ್ಗದಿಂದೆದ್ದು ಬಂದ.

“ನೂಲಿಲ್ಲಂದ್ರ ಮಗ್ಗ ಹೆಂಗ ನಡೀತೈತಿ?”

“ನೀರಿಲ್ಲಂದ್ರ ಓಣಿ ಹೆಂಗ ನಡೀತೈತ್ರಿ?”

ಅವನು ಮಗ್ಗದ ಕಡೆ ಮರಳಿ ಉಳಿದ ಲಡಿಗಳನ್ನು ಎಣಿಸತೊಡಗಿದ.

ಎರಡು ದಿನದ ಮೇಲೆ, ನೇಯಲು ಕೊಟ್ಟಿದ್ದ ಸೀರೆ ಒಯ್ಯಲು ಕುಮುದಿನಿ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆರಿದ ಒಲೆ ಕಂಡು ಸಂಗತಿ ಕೇಳಿದಳು. ಸೀರೆಯ ಮಾತು ಅಲ್ಲಿಗೇ ನಿಂತಿತು. ಸೆರಗು ಸಿಕ್ಕಿಸಿಕೊಂಡು ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತಳು.

“ಚೆಲ್ಲಿದ ನೀರು ಎಲ್ಲಿ ಹೋಗ್ತದ ಅಂದುಕೊಂಡೀರಿ ಅಂಬವ್ವ? ನಮ್ಮೂರಾಗ ಮಣ್ಣು ಮ್ಯಾಲಷ್ಟ, ಕೆಳಗೆಲ್ಲಾ ಕಲ್ಲು. ಕಲ್ಲಿನ ಬಿರುಕು ಹಿಡದು ಸೀದಾ ಬಾವಿಗೆ ಇಳೀತದ.”

“ಹಂಗಾರ ಚೆಲ್ಲೂದ ಬ್ಯಾಡ ಅಕ್ಕೋರ. ಅದರಾಗಿನ ಬಣ್ಣ ತೆಗಿಯಾಕ ಬರತೈತೇನ್ರಿ?”

“ಪುಸ್ತಕದಾಗ ಬರ್ತದ. ನಾ ಎಂದೂ ಮಾಡಿ ನೋಡಿಲ್ಲ. ಮಾಡೋಣೇನು?”

ಮರುದಿನದಿಂದ ಹಿತ್ತಲಿಗೆ ಜೀವ ಬಂತು. ಕಾಸಿಂಬಿಯ ಗಂಡ ಖಲೀಲ ದುಡಿಯುತ್ತಿದ್ದದ್ದು ಗ್ರಾನೈಟ್ ಪಾಲಿಶ್ ಮಾಡುವಲ್ಲಿ. ಅಲ್ಲಿ ಬೇಡವೆಂದು ಬಿಸಾಕಿದ್ದ ಕಲ್ಲುಚೂರನ್ನು ಅವನು ಟಂಟಂ ಗಾಡಿಯಲ್ಲಿ ತಂದು ಸುರಿದ. ಕಾಸಿಂಬಿ ಇದ್ದಿಲು ಕುಟ್ಟಿದಳು. ಹಳೆಯ ಡ್ರಮ್ಮಿನಲ್ಲಿ ಕೆಳಗೆ ಕಲ್ಲುಚೂರು, ಮೇಲೆ ಇದ್ದಿಲು, ಅದರ ಮೇಲೆ ಉಸುಕು. ಹಂಡೆಯಲ್ಲಿ ಉಳಿದಿದ್ದ ಬಣ್ಣದ ನೀರಿನಲ್ಲಿ ಒಂದಿಷ್ಟು ಸುರಿದರು. ಎಲ್ಲರೂ ಡ್ರಮ್ಮಿನ ಬುಡದ ನಳವನ್ನೇ ನೋಡುತ್ತ ನಿಂತರು. ನಳದಿಂದ ಹನಿ ಬರಲಿಲ್ಲ. ಡ್ರಮ್ಮಿನ ಮೇಲಿಂದ ಕೆಂಪು ನೀರು ಉಕ್ಕಿ ಕುಮುದಿನಿಯ ಚಪ್ಪಲಿ ತೋಯಿಸಿತು.

ಉಸುಕು ಬಣ್ಣದ ಕೆಸರಿನಿಂದ ಕಟ್ಟಿಕೊಂಡಿತ್ತು. ಕುಮುದಿನಿ ನಗುತ್ತಲೇ ಕಾಲು ತೊಳೆದುಕೊಂಡಳು. ಮೊದಲು ಕೆಸರು ತಳಕ್ಕೆ ಕೂಡಬೇಕು, ಆಮೇಲೆ ಸೋಸಬೇಕು ಎಂದಳು. ಈ ಸಲ ಹಂಡೆಯ ಉಳಿದ ನೀರನ್ನು ಬೇರೆ ಡ್ರಮ್ಮಿನಲ್ಲಿ ಹಾಕಿ, ಕೆಸರು ಇಳಿಸುವ ಪಟಿಕದ ಪುಡಿ ಕದಡಿದರು. ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು ಕೆನೆಯಂಥ ಕೆಸರು ಇಳಿದಿತ್ತು, ಮೇಲಿನ ನೀರು ತಿಳಿಯಾಗುತ್ತಿತ್ತು. ಆ ನೀರನ್ನು ಮೆಲ್ಲಗೆ, ಉಸುಕು ಬದಲಿಸಿದ ಇದ್ದಿಲ ಡ್ರಮ್ಮಿಗೆ ಬಗ್ಗಿಸಿದರು. ನಳ ತೊಟ್ಟಿಕ್ಕಿತು. ಬಿಳಿ ಬಕೆಟ್ಟಿನ ತಳ ಸ್ವಚ್ಛವಾಗಿ ಕಂಡಾಗ ಕಾಸಿಂಬಿ ಅಂಬವ್ವನ ಹೆಗಲನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಮೂಡಿತು.

ಅಂಬವ್ವ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳಲು ಹೋದಳು. ಕುಮುದಿನಿ ಕೈ ಹಿಡಿದು ತಡೆದಳು. “ಬಾಯಿಗೆ ಇಡಬ್ಯಾಡ್ರಿ. ಬಣ್ಣ ಹೋದರೂ ನೀವು ಬಣ್ಣಕ್ಕ ಹಾಕಿದ ಉಪ್ಪು ಹೋಗೂದಿಲ್ಲ, ನೀರಾಗ ಕರಗಿರ್ತದ. ಬಾವಿಗೆ ಇದೂ ಛಲೋ ಅಲ್ಲ.” ಅವಳ ದನಿ ಇಳಿಯಿತು. ಆಮೇಲೆ ಏನೋ ಹೊಳೆದು ತಲೆ ಎತ್ತಿದಳು. “ಅಂಬವ್ವ, ನಾಳೆ ಹೊಸ ಬಣ್ಣಕ್ಕ ಮತ್ತ ಉಪ್ಪು ಹಾಕ್ತೀರೋ ಇಲ್ಲೋ?”

“ಉಪ್ಪಿಲ್ಲದ ನೂಲು ಬಣ್ಣ ಹಿಡಿಯೂದಿಲ್ರಿ,” ಎನ್ನುತ್ತಿದ್ದಂತೆ ಅಂಬವ್ವನ ಕಣ್ಣುಗಳೂ ಅರಳಿದವು. “ಅಂದ್ರ ಇದ ನೀರಿಗೆ...”

ಆಗಲೇ ಅವಳು ಒಲೆಗೆ ಕಟ್ಟಿಗೆ ಒಟ್ಟತೊಡಗಿದ್ದಳು.

ಸೋಸಿದ ನೀರನ್ನೇ ಹಂಡೆಗೆ ತುಂಬಿ, ಉಪ್ಪು ಕಡಿಮೆ ಹಾಕಿ ಲಡಿ ಅದ್ದಿದಳು. ಒಣಹಾಕಿದ ಲಡಿಯ ಸುತ್ತ ರಾಮಲಿಂಗಪ್ಪ ಸುಳಿದಾಡುತ್ತಲೇ ಇದ್ದ. ಒಣಗಿದ ಮೇಲೆ ಎಳೆ ಬಿಡಿಸಿ, ಬಿಸಿಲಿಗೆ ಹಿಡಿದು, ಹಳೆಯ ಲಡಿಯ ಪಕ್ಕದಲ್ಲಿಟ್ಟು ನೋಡಿದ.

“ಯಾವುದು ಹೊಸಾದು?” ಎಂದು ಕೇಳಿದ.

ಹಿತ್ತಲಿನಲ್ಲಿ ನಗೆ ಎದ್ದಿತು. ಅವನು ಖರೇನೇ ಗೊತ್ತಾಗದೆ ಕೇಳಿದ್ದ.

ಗುಂಡಿಗೆ ಮಣ್ಣು ಮುಚ್ಚಿದರು. ಬಾವಿ ತಿಳಿಯಾಗಲು ಎರಡು ಮಳೆಗಾಲ ಬೇಕಾಯಿತು. ಅಲ್ಲಿವರೆಗೆ ಓಣಿಯವರು ದೂರದ ನಳದಿಂದ ನೀರು ಹೊತ್ತರು, ಅಂಬವ್ವ ಕಾಸಿಂಬಿಯ ಕೊಡವನ್ನೂ ಹೊತ್ತಳು. ಕೆಸರನ್ನು ಒಣಗಿಸಿ ಚೀಲದಲ್ಲಿ ಕಟ್ಟಿಡುತ್ತಾರೆ. ಅದನ್ನೇನು ಮಾಡಬೇಕೆಂಬುದು ಕುಮುದಿನಿಗೂ ಇನ್ನೂ ಬಗೆಹರಿದಿಲ್ಲ.

ಮೊನ್ನೆ ಕಮತಗಿಯಿಂದ ಬಣ್ಣ ಹಾಕುವ ಹೆಂಗಸರು ಡ್ರಮ್ಮು ನೋಡಲು ಬಂದಿದ್ದರು. ಅವರು ಕೇಳುವ ಮೊದಲೇ ಅಂಬವ್ವ ಕೇಳಿದಳು: “ನಿಮ್ಮ ಹಿತ್ತಲಾಗ ಕರಿ ಎರಿ ಮಣ್ಣೋ, ಕೆಂಪು ಮಸಾರಿನೋ? ಬಾವಿ ಎಷ್ಟು ದೂರ ಐತಿ?”

ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. “ಇರ್ಲಿ, ನಾನ ಬಂದು ನೋಡ್ತೇನಿ,” ಎಂದು ಅವಳು ಚಪ್ಪಲಿ ಮೆಟ್ಟಿ, ಅವರ ಜೊತೆಗೇ ಬಸ್ ಸ್ಟ್ಯಾಂಡಿನ ಕಡೆ ಹೊರಟಳು.