ಗೌರಿಗೆ ದಡಾರದ ಸೂಜಿ ಹಾಕಿಸಿದ್ದು

ಗೌರಿ, ನಿನ್ನಣ್ಣ ಬಸುವಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಾತು ಬರಲೆಂದು ಅಜ್ಜಿಯಾದ ನಾನು ಬಜೆ ಬೇರು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಸವರುತ್ತಿದ್ದೆ. ಮುಖ ಕಿವುಚುತ್ತಿದ್ದ, ಅಷ್ಟೇ.

ಶಿಕಾರಿಪುರದ ಮಕ್ಕಳ ಡಾಕ್ಟರಮ್ಮ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಕಿವಿ ಟೆಸ್ಟ್ ಮಾಡಿದರು. ಕಿವಿ ಚೆನ್ನಾಗಿತ್ತು.

ಆಟಿಸಂ ಎಂದರು.

ಅದು ತೊಂಬತ್ತೆಂಟನೇ ಇಸವಿ. ಸೊರಬದ ಕಡೆಯ ನಮ್ಮ ಊರಿನಲ್ಲಿ ಆ ಹೆಸರು ಕೇಳಿದವರೇ ಇರಲಿಲ್ಲ. ನೀನಾಗ ತೊಟ್ಟಿಲಲ್ಲಿದ್ದೆ. ನಿನಗೆ ಒಂಬತ್ತು ತಿಂಗಳು ತುಂಬಿ, ದಡಾರದ ಇಂಜೆಕ್ಷನ್ ಹಾಕಿಸುವ ಹೊತ್ತಿಗೆ ಆನವಟ್ಟಿಯಿಂದ ನಿನ್ನ ಸೋದರಮಾವ ಬೈಕಿನಲ್ಲಿ ಬಂದ.

"ಅಕ್ಕಾ, ಆ ಸೂಜಿ ಬ್ಯಾಡ. ಅದ್ರಿಂದ್ಲೇ ಮಕ್ಳು ಹಿಂಗಾಗ್ತಾವಂತೆ. ಫಾರಿನ್ ಡಾಕ್ಟ್ರು ಹೇಳಿದ್ದು ಪೇಪರ್‌ನಾಗೆ ಬಂದೈತೆ."

ನಿನ್ನಮ್ಮ ಸುಮಾ ನಿನ್ನನ್ನು ತೊಟ್ಟಿಲಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು. ಬಸುವಿಗೂ ಅದೇ ಸೂಜಿ ಹಾಕಿಸಿದ್ದೆವು, ಆಮೇಲೆ ಜ್ವರವೂ ಬಂದಿತ್ತು. "ನಾನೇ ಎತ್ಕೊಂಡು ಹೋಗಿ ಚುಚ್ಚಿಸ್ದೆ ಅತ್ತೆ. ಇವಳಿಗೆ ಬ್ಯಾಡ," ಎಂದಳು.

ಪಕ್ಕದ ಊರಿನಲ್ಲಿ ಆಗಲೇ ದಡಾರ ಎದ್ದಿತ್ತು. ಬಾಗಿಲು ಬಾಗಿಲಿಗೆ ಬೇವಿನ ಸೊಪ್ಪು.

ಒಂದು ಕೂಸು ತೀರಿಕೊಂಡಿತ್ತು.

ನಾನು ಹೆಚ್ಚು ಮಾತಾಡುವವಳಲ್ಲ. "ಕೇಳ್ಕೊಂಡಾದ್ರೂ ಬರಾಣ ನಡಿ," ಎಂದು ನಿನ್ನನ್ನು ಎತ್ತಿಕೊಂಡು ಸುಮಾಳ ಜೊತೆ ಶಿಕಾರಿಪುರದ ಬಸ್ಸು ಹತ್ತಿದೆ.

ಡಾಕ್ಟರಮ್ಮ ಎಲ್ಲ ಕೇಳಿದರು. "ಕೆಲವೇ ಮಕ್ಕಳನ್ನ ನೋಡಿ ಹಂಗೊಂದು ಅನುಮಾನ ಪಟ್ಟಿದಾರಮ್ಮ. ಅದೂ ಫಾರಿನ್‌ನಲ್ಲಿ ಕೊಡೋ, ಮೂರು ಕಾಯಿಲೆಗೆ ಒಂದೇ ಸೂಜಿ ಬಗ್ಗೆ, ಇದರ ಬಗ್ಗೆ ಅಲ್ಲ. ಸಾಬೀತಾಗಿಲ್ಲ, ಬೇರೆಯವ್ರು ಪರೀಕ್ಷೆ ಮಾಡ್ತಿದಾರೆ. ದಡಾರ ಏನ್ ಮಾಡುತ್ತೆ ಅನ್ನೋದು ಮಾತ್ರ ನಾನು ಕಣ್ಣಾರೆ ನೋಡೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಅಜ್ಜಿ, ಬಸುಗೆ ನೀರು ಎರೀತಿದ್ದೋರು ನೀವಲ್ವಾ? ಎಳೆಗೂಸಿದ್ದಾಗ ನಿಮ್ಮ ಮುಖ ನೋಡ್ತಿದ್ನಾ?"

ನಮ್ಮ ಓಣಿಯ ಎಷ್ಟೋ ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆದಿದ್ದೇನೆ. ಬಿಸಿನೀರು ಬಿದ್ದಾಗ ಕೂಸು ಅಳುತ್ತಲೇ ಎರೆಯುವವಳ ಮುಖ ಹುಡುಕುತ್ತದೆ. ಬಸು ಹುಡುಕುತ್ತಿರಲಿಲ್ಲ. ತಂಬಿಗೆಯಿಂದ ಇಳಿಯುವ ಧಾರೆಯನ್ನೇ ನೋಡುತ್ತಿದ್ದ. ಅಜ್ಜನ ಹಾಗೆ ಗಂಭೀರ ಎಂದು ನಾವು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗಿದ್ದೆವು.

"ಇಲ್ಲ ರೀ," ಎಂದೆ. "ಮೂಗು ತೀಡೋ ಎರಡು-ಮೂರು ತಿಂಗ್ಳ ಕೂಸಿದ್ದಾಗ್ಲೂ ನೋಡ್ತಿರ್ಲಿಲ್ಲ. ಈ ಸೂಜಿಗಿಂತ ಎಷ್ಟೋ ಮೊದ್ಲು."

ಸುಮಾ ನನ್ನ ಕೈ ಹಿಡಿದಳು. "ಹಂಗಾರೆ ನಾನು ಚುಚ್ಚಿಸಿದ್ರಿಂದ ಅಲ್ವಾ ಅತ್ತೆ?"

"ಅಲ್ಲವ್ವ."

ನಾನು ಹೇಳಿದ್ದು ನಮ್ಮ ಬಸುವಿನ ಸಂಗತಿ ಮಾತ್ರ. ಊರ ಮಕ್ಕಳೆಲ್ಲರ ಸಂಗತಿ ಓದಿದವರು ನೋಡಿಕೊಳ್ಳಲಿ. ಸುಮಾ ತಾನೇ ನಿನ್ನ ತೋಳು ಹಿಡಿದುಕೊಟ್ಟಳು. ನೀನು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕಿರುಚಿದೆ.

ದಡಾರ ನಮ್ಮ ಊರಿಗೂ ಬಂದು ಹೋಯಿತು. ನಿನ್ನನ್ನು ಮುಟ್ಟಲಿಲ್ಲ. ಈಗ ನೀನು ಮಾವನಿಗೇ ಎದುರುತ್ತರ ಕೊಡುತ್ತೀ.

ಬಸುವಿಗೆ ಇನ್ನೂ ಮಾತು ಬಂದಿಲ್ಲ. ಆದರೆ ಸಂಜೆಯಾದರೆ ನನ್ನ ಸೆರಗು ಹಿಡಿದು ಬಚ್ಚಲಿಗೆ ಎಳೆದೊಯ್ದು ತಂಬಿಗೆ ಕೈಗಿಡುತ್ತಾನೆ. ನಾನು ನೀರು ಸುರಿಯುತ್ತೇನೆ. ಧಾರೆ ನೋಡಿ ನಗುತ್ತಾನೆ. ಸುರಿಯುವುದು ನಿಂತರೆ, ಯಾಕೆ ಎಂದು ತಲೆಯೆತ್ತಿ ನನ್ನ ಮುಖ ನೋಡುತ್ತಾನೆ.

ಅದಕ್ಕೇ ನಡುನಡುವೆ ನಿಲ್ಲಿಸುತ್ತೇನೆ.